ಹೊರಗುಳಿದ ಒಂದೂವರೆ ಮೊಳ

ರಜಾಕಾರರ ಗದ್ದಲ ಅಡಗಿದ ಮರು ಬೇಸಿಗೆ. ಸಿಂಧನೂರಿನಲ್ಲಿ ನನ್ನದೊಂದು ಬಟ್ಟೆ ದುಕಾನ, ಮನೆ ಪಕ್ಕದಲ್ಲಿ ಬಂಡಿ ನಿಲ್ಲಿಸುವ ಕೊಟ್ಟಿಗೆ. ತುಂಗಭದ್ರೆಯ ಅಂಬಿಗನೊಬ್ಬ ನಮ್ಮೂರ ಬಡಗಿಯಿಂದ ಹೊಸ ದೋಣಿ ಮಾಡಿಸಿದ್ದ. ಹೊಳೆಗೆ ನೀರು ಬರಲು ಎರಡು ತಿಂಗಳಿತ್ತು. ದಂಡೆಯಲ್ಲಿ ನೆರಳಿಲ್ಲ, ಹೊಸ ಹಲಗೆ ಬಿಸಿಲಿಗೆ ಸೀಳಿದರೆ ಅನ್ನ ಹೋದಂತೆ ಎಂಬ ಚಿಂತೆ ಅವನಿಗೆ. ಚಿಂತೆ ನನ್ನ ಖಾಸಾ ಕಸುಬು; ಇನ್ನೊಬ್ಬರ ಚಿಂತೆ ಕಂಡಾಗ ಮಾತ್ರ ನನಗೆ ಎಲ್ಲಿಲ್ಲದ ಧೈರ್ಯ. ನಾಲ್ಕು ಮಂದಿ ಕೇಳುವಂತೆ ಅಂದೆ, “ನಮ್ಮ ಕೊಟ್ಟಿಗ್ಯಾಗ ಇಡು, ಫಿಕರ್ ಬಿಡು.”

“ದೋಣಿ ಹತ್ತು ಮೊಳ ಐತ್ರಿ. ಹಿಡಿಸ್ತೈತೇನ್ರಿ?”

“ಹನ್ನೊಂದು ಮೊಳದ ಕೊಟ್ಟಿಗಿ ಅದು.”

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವನು ಬಾಗಿಲಿಗೆ ತಲೆ ತಾಗುವ ಆಳು, ಅವನ ಮೊಳ ಅವನ ಕೈಯಷ್ಟು. ನಾನು ಅಳೆದದ್ದು ನನ್ನ ಈ ಗಿಡ್ಡ ಕೈಯಿಂದ. ದಿನವಿಡೀ ಕಬ್ಬಿಣದ ಗಜ ಹಿಡಿದು ಬಟ್ಟೆ ಅಳೆಯುವವನಿಗೆ ಆ ಗಜವನ್ನು ಮನೆತನಕ ತರುವ ಬುದ್ಧಿ ಬರಲಿಲ್ಲ.

ನನ್ನ ಬಂಡಿಯ ಮೇಲೆ ದೋಣಿ ಬಂತು. ಎತ್ತು ಬಿಚ್ಚಿ ಬಂಡಿಯನ್ನೇ ಒಳಗೆ ನೂಕಿದೆವು. ನೊಗ ಕಟ್ಟುವ ಮೂಕಿ ಹಿಂದಿನ ಗೋಡೆಗೆ ತಾಗಿ ನಿಂತಿತು. ದೋಣಿಯ ಮೂತಿ ಒಂದೂವರೆ ಮೊಳ ಬೀದಿಗೆ ಚಾಚಿತು.

“ಏನ್ರೀ ಸಾಹುಕಾರ್ರ, ಕೊಟ್ಟಿಗಿ ನಾಲಿಗಿ ಹೊರಗ ಹಾಕೈತಲ್ಲ,” ಅಂದ ಪಕ್ಕದ ಮನೆಯವ.

“ಬಂಡಿಯಿಂದ ಇಳಿಸಿ ಓರೆ ಮಾಡಿ ಇಡ್ರಿ, ಹಿಡಿಸ್ತೈತಿ,” ಅಂದಳು ಹೆಂಡತಿ.

ನೆಲಕ್ಕಿಟ್ಟರೆ ಗೆದ್ದಲು ಹತ್ತುತ್ತದೆ ಎಂದೆ. ಗೆದ್ದಲಿನ ಹೆದರಿಕೆ ನಿಜವೇ, ಆದರೆ ಅಷ್ಟು ಜನರೆದುರು ಅವಳ ಮಾತು ಸರಿ ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಹೊರಗಿನ ಮೂತಿಗೆ ಗೋಣಿ ಹೊದಿಸಿ ಮೂರು ಹೊತ್ತು ನೀರು ಹಾಕುತ್ತೇನೆಂದು ಮಾತು ಕೊಟ್ಟು ಅಂಬಿಗನನ್ನು ಕಳಿಸಿದೆ.

ಹದಿನೈದು ದಿನ ಹಾಕಿದೆ. ಆಮೇಲೆ ಲಿಂಗಸುಗೂರಿನಲ್ಲಿ ಮದುವೆ. ಮನೆಮಂದಿಯೆಲ್ಲ ಎಂಟು ದಿನಕ್ಕೆ ಹೊರಟೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ಹೆಂಡತಿ ಕೇಳಿದಳು, “ಗೋಣಿಗೆ ನೀರು ಹಾಕಾಕ ಬಾಜೂದವರಿಗೆ ಹೇಳೀರಿಲ್ಲೋ?”

“ಹೇಳೀನಿ.”

ಹೇಳಿರಲಿಲ್ಲ. ಹೇಳಿದ್ದರೆ ಪಕ್ಕದ ಮನೆಯವ ಹಾಕುತ್ತಿದ್ದ, ನಗುತ್ತಲೂ ಇದ್ದ. ಆ ನಗು ನನಗೆ ಬೇಡವಾಗಿತ್ತು. ಸಿಂಧನೂರಿಗೆ ಮರಳುವ ಪರಿಚಯದವರೊಬ್ಬರು ಅಲ್ಲೇ ನಿಂತಿದ್ದರು. ಅವರ ಕೈಲಿ ಹೇಳಿ ಕಳಿಸಬಹುದಿತ್ತು; ಮಳೆ ಯಾವಾಗ ಆದೀತು ಎಂದು ಕೇಳಿದೆ, ಅಷ್ಟೆ.

ತಿರುಗಿ ಬಂದಾಗ ಮೂತಿಯ ಹಲಗೆಯಲ್ಲಿ ಬೆರಳು ತೂರುವಷ್ಟು ಸೀಳು.

ಮುಂಗಾರಿನ ಮಿರಗದ ಮಳೆಗೆ ಅಂಬಿಗ ಬಂದ. ಸೀಳಿನ ಮೇಲೆ ಕೈಯಾಡಿಸಿದ. ನಂತರ ಕೊಟ್ಟಿಗೆಯ ಗೋಡೆಗುಂಟ ಮೊಳ ಹಾಕುತ್ತ ಹೋದ. ಒಂಬತ್ತು ತುಂಬಲಿಲ್ಲ. ನನ್ನ ಕೈ ನೋಡಿದ.

“ಆತು ಬಿಡ್ರಿ,” ಅಂದ. ನಾನು ಕೈ ಹಿಂದೆ ಕಟ್ಟಿಕೊಂಡೆ.

ಆ ಮಳೆಗಾಲ ನನಗೆ ಹೊಳೆ ದಾಟುವ ಕೆಲಸ ಬಿತ್ತು. ಇದ್ದದ್ದು ಅದೊಂದೇ ದೋಣಿ, ಮೂತಿಗೆ ತಗಡಿನ ತೇಪೆ. ಅಂಬಿಗ ಒಬ್ಬೊಬ್ಬರಿಗೂ ಹೇಳುತ್ತ ಬಂದ, “ಯವ್ವಾ, ಕಾಲು ಮ್ಯಾಲ ತಗೋ, ನೀರು ಜಿನುಗತೈತಿ. ಅಣ್ಣಾ, ನೀನೂ.” ನನಗೆ ಮಾತ್ರ ಹೇಳಲಿಲ್ಲ.

ಆಚೆ ದಂಡೆ ಮುಟ್ಟುವ ತನಕ ನಾನು ಕಾಲು ಎತ್ತಲಿಲ್ಲ.