ಹಾಸಿಗೆ ಬಿಟ್ಟೇಳುತ್ತಿದ್ದ ಗ್ಯಾಂಗ್‌ಮನ್ ಮಾವ

ಮೊನ್ನೆ ಭಾನುವಾರ ಪಾಯಸಕ್ಕೆಂದು ಗಸಗಸೆ ಹುರಿಯುತ್ತಿದ್ದೆ. ಘಮ ಏಳುತ್ತಿದ್ದಂತೆ ಕೈ ನಿಂತುಬಿಟ್ಟಿತು. ಬಾಳ್ಳುಪೇಟೆಯ ನಮ್ಮ ಪಕ್ಕದ ಮನೆಯಿಂದ ದಿನಾ ಸಂಜೆ ಇದೇ ವಾಸನೆ ಬರುತ್ತಿದ್ದ ಕಾಲವೊಂದಿತ್ತು. ಗಂಡನಿಗೆ ನಿದ್ದೆ ಬರಲಿ ಅಂತ ಆ ಮನೆಯ ಅತ್ತೆ ಮಾಡಿಕೊಡುತ್ತಿದ್ದ ಪಾಯಸ ಅದು. ನೆಂಟಸ್ತಿಕೆ ಏನೂ ಇಲ್ಲ, ಬೀದಿಯ ವಾವೆಯಲ್ಲಿ ಅವರು ನನಗೆ ಅತ್ತೆ, ಅವರ ಯಜಮಾನರು ಮಾವ. ಊರಿಗೆಲ್ಲ ಗ್ಯಾಂಗ್‌ಮನ್ ಮಾವ.

ಮಾವನ ಸರ್ವಿಸೆಲ್ಲ ಕಳೆದದ್ದು ಎಡಕುಮೇರಿ ಕಡೆಯ ರೈಲು ಹಳಿಗಳ ಮೇಲೆ. ಮಳೆಗಾಲ ಬಂತೆಂದರೆ ರಾತ್ರಿ ಪಾಳಿ. ಗುಡ್ಡ ಜರಿದು ಹಳಿ ಮೇಲೆ ಬಿದ್ದಿದೆಯೋ ಅಂತ ದೀಪ ಹಿಡಿದು ನೋಡಿಕೊಂಡು ನಡೆಯುವ ಕೆಲಸ. ರಿಟೈರ್ ಆಗಿ ಮಾವ ಊರಿಗೆ ಬಂದರು, ನಿದ್ದೆ ಬರಲಿಲ್ಲ.

"ಚಿಂತೆ ಇಲ್ದೋನ್ಗೆ ಸಂತೇಲೂ ನಿದ್ದೆ ಅಂತಾರೆ. ಪಿಂಚಣಿ ಬರ್ತೈತೆ, ನಿಮಗೇನು ಚಿಂತೆ ಮಾರಾಯ್ರೆ?" ಎಂದು ಬೀದಿಯವರು ಕಾಲೆಳೆಯುತ್ತಿದ್ದರು. ಮಾವ ನಕ್ಕುಬಿಡುತ್ತಿದ್ದರು.

ಅವರದೇ ಒಂದು ದಾರಿ ಇತ್ತು. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಇರುತ್ತಿರಲಿಲ್ಲ. ಎದ್ದು ನಡುಮನೆಯ ಸಣ್ಣ ದೀಪದಡಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ಆಕಳಿಕೆ ಬಂದ ಮೇಲೇ ಮತ್ತೆ ಮಲಗುವುದು. ಎಷ್ಟು ಹೊತ್ತಿಗೆ ಮಲಗಿದರೂ ಐದಕ್ಕೆ ಏಳುವುದು. ಆ ಹಗ್ಗಗಳಲ್ಲಿ ನಮ್ಮ ಬೀದಿಯ ಹಸುಗಳೆಲ್ಲ ಕಟ್ಟಿಸಿಕೊಂಡಿದ್ದವು…

ಅತ್ತೆಗೆ ಇದು ಕಾಯಿಲೆಯಾಗಿ ಕಂಡಿತು. "ನೀನು ನರ್ಸು. ನೀನು ಹೇಳಿದ್ರೆ ಕೇಳ್ತಾರೆ ಕಣವ್ವ" ಅಂದರು. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು, ವಿದ್ಯೆಗಿಂತ ಗತ್ತು ಜಾಸ್ತಿ ಇದ್ದ ದಿನಗಳು. "ಎಂಟಕ್ಕೇ ಮಲಗಿ ಮಾವ. ನಿದ್ದೆ ಬರದಿದ್ರೂ ಕಣ್ಣು ಮುಚ್ಕೊಂಡು ಬಿದ್ದಿರಿ. ಮೈಗಾದ್ರೂ ವಿಶ್ರಾಂತಿ ಸಿಗುತ್ತೆ" ಎಂದು ಅಪ್ಪಣೆ ಕೊಡಿಸಿದೆ. ಎದ್ದರೆ ಕೈ ಹಿಡಿದು ಮಲಗಿಸಿ ಅಂತ ಅತ್ತೆಗೂ ಹೇಳಿದೆ. ಕೆಂಪು ಬಾವುಟ ಕಂಡರೆ ನಿಂತು ಅಭ್ಯಾಸವಾಗಿದ್ದ ಮನುಷ್ಯ, ನನ್ನ ಮಾತನ್ನೂ ರೂಲ್ಸ್ ಅಂತಲೇ ಪಾಲಿಸಿದರು. ಹಗ್ಗ ಹೊಸೆಯುವುದು ನಿಂತುಹೋಯಿತು.

ತಿಂಗಳೊಪ್ಪತ್ತಿಗೆ ಮಾವ ಇಳಿದುಹೋದರು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಹಾಸ್ಗೆ ಕಂಡ್ರೆ ಎದೆ ಹೊಡ್ಕಂತೈತೆ ಕಣವ್ವ. ಮೊದ್ಲಿನಂಗೆ ಎದ್ದು ಕೂತ್ಕಳ್ಳಾ?" ಎಂದು ಕೇಳಿದರು. ನನ್ನಪ್ಪನಿಗಿಂತ ದೊಡ್ಡವರು, ನನ್ನ ಅನುಮತಿ ಕೇಳುತ್ತಿದ್ದರು.

"ಬೇಡ ಮಾವ. ಆ ಚಟವೇ ನಿಮ್ಮ ನಿದ್ದೆ ಕೆಡಿಸಿರೋದು" ಅಂದೆ. ಬಸ್ಸು ಬಂತು, ಹತ್ತಿಕೊಂಡೆ.

ಆಮೇಲೆ ನಾನೇ ಡಾಕ್ಟರ ಹತ್ತಿರ ಕರೆದೊಯ್ದು ನಿದ್ದೆ ಮಾತ್ರೆ ಬರೆಸಿದೆ. ನಿದ್ದೆಯೇನೋ ಬಂತು, ಬೆಳಗಾದರೂ ಅದರ ಅಮಲು ಇಳಿಯುತ್ತಿರಲಿಲ್ಲ. ಅದೇ ಅಮಲಿನಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಾವ ಮತ್ತೆ ನಡೆಯಲಿಲ್ಲ. ಯಾವ ಹಾಸಿಗೆ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತೋ, ಅದರ ಮೇಲೇ ಎರಡು ವರ್ಷ ಇದ್ದು ಹೋದರು.

ಹೋದ ತಿಂಗಳು ಹಾಸನದಲ್ಲಿ ನಮಗೆ ತರಬೇತಿ ಇತ್ತು. ನಿದ್ದೆಗೆಂದೇ ಈಗ ಬೇರೆ ವೈದ್ಯಶಾಸ್ತ್ರ ಬೆಳೆದಿದೆಯಂತೆ. ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದಬೇಕು ಅನ್ನುವ ಶಾಸ್ತ್ರ. ಗೊತ್ತಿದ್ದವರು ಕಡಿಮೆ, ಇರುವವರೆಲ್ಲ ದೊಡ್ಡ ಪಟ್ಟಣಗಳಲ್ಲಿ. ಫೋನಿನಲ್ಲೂ ಹೇಳಿಕೊಡುತ್ತಾರಂತೆ. ಮುಂದೆ ಇದು ಹಳ್ಳಿ ಹಳ್ಳಿಗೆ ಬರಬೇಕು, ನಿಮ್ಮಂಥ ನರ್ಸುಗಳಿಂದಲೇ ಬರಬೇಕು ಅಂದರು ಪಾಠ ಮಾಡಿದ ಮೇಡಂ. ಆಮೇಲೆ ಚಿಕಿತ್ಸೆ ವಿವರಿಸಿದರು. ತೂಕಡಿಕೆ ಬಂದಾಗಲೇ ಮಲಗಬೇಕು. ಬರದಿದ್ದರೆ ಎದ್ದುಹೋಗಿ ಮಂದ ಬೆಳಕಲ್ಲಿ ಏನಾದರೂ ಬೇಜಾರು ತರಿಸುವ ಕೆಲಸ ಮಾಡಬೇಕು. ದಿನಾ ಒಂದೇ ಹೊತ್ತಿಗೆ ಏಳಬೇಕು. "ಹಾಸಿಗೆ ಬಿಟ್ಟು ಏಳಿ ಅಂದ್ರೆ ಯಾರೂ ಒಪ್ಪಲ್ಲ. ಒಪ್ಪಿಸೋದೇ ಕಷ್ಟ" ಅಂದರು. ನಾನು ತಲೆ ಎತ್ತಲಿಲ್ಲ. ನಾಚಿಕೆಯಾಗಿತ್ತು.

ಈಗ ಕುಂದೂರು ಕಡೆಯ ಹಳ್ಳಿಗಳಿಗೆ ಹೋದಾಗ, ನಿದ್ದೆ ಇಲ್ಲ ಅಂದವರನ್ನು ಮೊದಲು ಕೇಳುತ್ತೇನೆ, ಬರದಿದ್ದಾಗ ನೀವೇನು ಮಾಡ್ತೀರಿ ಅಂತ. ಮಾವನನ್ನು ಅದೊಂದು ಮಾತು ಕೇಳಿದ್ದರೆ ಸಾಕಿತ್ತು…

ಗಸಗಸೆ ಹುರಿದ ಆ ಭಾನುವಾರವೇ ಸಂಜೆ ಅತ್ತೆಯ ಮನೆಗೆ ಹೋಗಿ ತರಬೇತಿಯಲ್ಲಿ ಕೇಳಿದ್ದೆಲ್ಲ ಹೇಳಿದೆ.

"ಹಂಗಾದ್ರೆ ಅವರು ಎದ್ದು ಕೂರ್ತಿದ್ದಿದ್ದು ಕಾಯ್ಲೆ ಅಲ್ವೇನವ್ವ?"

"ಅಲ್ಲ ಅತ್ತೆ. ಅದೇ ಔಷಧಿ."

ಅತ್ತೆ ತಮ್ಮ ಕೈಗಳನ್ನೇ ನೋಡಿಕೊಂಡರು. "ಏಳಕ್ ಹೋದಾಗೆಲ್ಲ ನಾನೇ ಹಿಡ್ದು ಮಲಗಿಸ್ಬುಡ್ತಿದ್ನಲ್ಲವ್ವ…"

"ನಾನು ಹೇಳಿದ್ದಕ್ಕೆ ಹಿಡಿದ್ರಿ. ತಪ್ಪು ನಂದು ಅತ್ತೆ."

ಯಾರು ಏನು ತಪ್ಪು ಒಪ್ಪಿಕೊಂಡರೂ "ಹೋಗ್ಲಿ ಬುಡವ್ವ" ಅನ್ನುವುದು ಅತ್ತೆಯ ಸ್ವಭಾವ. ಅವತ್ತು ಅನ್ನಲಿಲ್ಲ.