ಬೀಜಾಡಿಯ ಓಣಿಯಲ್ಲಿ ಬಿತ್ತನೆ ಮಿಷನ್

ಅರವತ್ತರ ದಶಕದ ನಡುವಿನಲ್ಲಿ ನಾನು ಕುಂದಾಪುರದ ಕಡೆ ಗ್ರಾಮಸೇವಕನಾಗಿದ್ದೆ. ಒಂದು ಸೈಕಲ್ಲು, ಒಂದು ಚೀಲ, ತರಬೇತಿಯಲ್ಲಿ ಬರೆದುಕೊಂಡ ಎರಡು ನೋಟ್‌ಬುಕ್ಕು ಇದ್ದವು. ಅನುಭವ ಮಾತ್ರ ಇರಲಿಲ್ಲ.

ಒಂದು ವರ್ಷ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಕಚೇರಿಗೆ ನೆಲಗಡಲೆ ಬಿತ್ತುವ ಮಿಷನ್ ಬಂತು. ಎತ್ತು ಕಟ್ಟಿ ಎಳೆಸುವಂಥದ್ದು. ಅದರ ಎರಡು ಕಬ್ಬಿಣದ ಚಕ್ರಗಳನ್ನು ಅಚ್ಚಿನ ಮೇಲೆ ಬೇಕಾದಂತೆ ಸರಿಸಬಹುದಿತ್ತು. ಗದ್ದೆಯಲ್ಲಿ ಹೊರಕ್ಕೆ ಎಳೆದರೆ ಬಿತ್ತಿದ ಸಾಲನ್ನು ತುಳಿಯುವುದಿಲ್ಲ. ದಾರಿಯಲ್ಲಿ ಒಳಕ್ಕೆ ತಳ್ಳಿದರೆ ಸಪೂರ ಓಣಿಯಲ್ಲೂ ನುಸುಳುತ್ತದೆ. ಪಿನ್ನು ತೆಗೆ, ಚಕ್ರ ಸರಿಸು, ಪಿನ್ನು ಹಾಕು. ತರಬೇತಿಯಲ್ಲಿ ಇದನ್ನು ನಾನು ಎಲ್ಲರಿಗಿಂತ ಬೇಗ ಮಾಡಿ ಬೆನ್ನು ತಟ್ಟಿಸಿಕೊಂಡಿದ್ದೆ.

ಮೊದಲ ಪ್ರಯೋಗಕ್ಕೆ ಬೀಜಾಡಿಯ ಒಬ್ಬ ಜಮೀನ್ದಾರರು ಗದ್ದೆ ಕೊಟ್ಟರು. ತಮ್ಮ ಎತ್ತುಗಳನ್ನು ಸರ್ಕಾರದವನ ಕೈಗೆ ಕೊಡಲು ಮನಸ್ಸಿಲ್ಲದೆ ಹಗ್ಗವನ್ನು ತಾವೇ ಹಿಡಿದರು. ಬೆಳಿಗ್ಗೆ ಬೇಗ ಶುರುಮಾಡಿ ಹತ್ತು ಗಂಟೆಗೆಲ್ಲ ಬಿತ್ತನೆ ಮುಗಿಸಿದೆವು. ಸಾಲುಗಳು ನೂಲು ಹಿಡಿದಂತೆ ನೇರವಾಗಿದ್ದವು. ನಾನು ಹಿಗ್ಗಿಹೋದೆ.

ಆಮೇಲೆ, ಬೆಳಿಗ್ಗೆ ಬಂದ ಓಣಿಯಲ್ಲೇ ಹಿಂದಿರುಗಬೇಕೆಂದು ಚಕ್ರ ಒಳಕ್ಕೆ ತಳ್ಳಲು ಕೂತೆ. ಪಿನ್ನು ಬಂತು, ಚಕ್ರ ಅಲುಗಲಿಲ್ಲ. ಕಡಲ ಬದಿಯ ಮರಳು ಅಚ್ಚಿನ ಸಂದಿಗೆಲ್ಲ ಹೊಕ್ಕು ಕಚ್ಚಿಕೊಂಡಿತ್ತು. ಒದ್ದೆ, ಗುದ್ದಿದೆ, ಬೆವರಿದೆ.

ಜಮೀನ್ದಾರರು ಕೇಳಿದರು: "ಎಂತ, ಬತ್ತಿಲ್ಯಾ?"

ಆಗುವುದಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಬೇಡ ಬಿಡಿ, ಓಣಿ ಅಗಲವಾಗಿಯೇ ಇದೆ, ಹಾಗೇ ಹೋಗುತ್ತದೆ" ಎಂದುಬಿಟ್ಟೆ. ಅವರು ಕೊಡೆಯಿಂದ ಮಿಷನ್ನನ್ನೂ ಓಣಿಯ ಬಾಯನ್ನೂ ಅಳೆದು, "ಸಾಕ್, ಹೋತ್" ಎಂದರು.

ಓಣಿಯ ಬಾಯಿ ಅಗಲವಾಗಿದ್ದದ್ದು ನಿಜ. ಅರ್ಧ ದಾರಿಯಲ್ಲಿ ಎಡಗಡೆಯ ಪಾಗಾರ, ಕೆಂಪುಕಲ್ಲಿನ ಕಾಂಪೌಂಡ್ ಗೋಡೆ, ಹೊಟ್ಟೆ ಮುಂದೆ ಮಾಡಿಕೊಂಡಿತ್ತು. ಎತ್ತುಗಳು ಮೈ ಉಜ್ಜಿಕೊಂಡು ದಾಟಿದವು. ಹಿಂದಿದ್ದ ಮಿಷನ್ ಕರಕರ ಎಂದು ಎರಡೂ ಗೋಡೆ ಕೆರೆದು ಬೆಣೆ ಹೊಡೆದಂತೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅದೇ ಹೊತ್ತಿಗೆ ಕಡಲ ಕಡೆಯಿಂದ ಕೋಟೇಶ್ವರದ ಪೇಟೆಗೆ ಹೊರಟ ಮೀನುಗಾರ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಹಿಂದೆ ಬಂದು ನಿಂತರು. ಎಲ್ಲರಿಗಿಂತ ಮುಂದೆ ಒಬ್ಬ ಹಿರಿಯ ಹೆಂಗಸು.

"ಹ್ವಾಯ್ ಗ್ರಾಮಸೇವಕ್ರೆ, ನಮ್ ಮೀನ್ ನಿಮ್ ಮಿಷನಿಗೆ ಕಾಯುದಿಲ್ಲ. ಬಿಸ್ಲ್ ಏರ್ತಾ ಇತ್ತ್ ಕಾಣಿ."

ನಾನು ಬಾಯಿ ಬಿಡುವ ಮೊದಲೇ ಆಕೆಯ ಕಣ್ಣು ಪಾಗಾರದ ಮೇಲೆ ಬಿತ್ತು. ಆಕೆ ಜಮೀನ್ದಾರರನ್ನು ಕೇಳಿದಳು: "ಒಡಿಯರೆ, ಹೋದ್ ವರ್ಷ ನಾವ್ ಇಲ್ಲೇ ಇಬ್ಬಿಬ್ರ್ ಒಟ್ಟಿಗೆ ಹೋತಿದ್ದಿತ್. ಮಿಷನ್ ದಪ್ಪ ಆದ್ದಾ, ನಿಮ್ ಪಾಗಾರ ಬೆಳದ್ದಾ?"

ಜಮೀನ್ದಾರರು ಎತ್ತಿನ ಕಿವಿ ನೋಡುತ್ತ ಹೇಳಿದರು: "ಮಳೆಗೆ ಜರ್ದ್ ಬಿದ್ದಿತ್ತ್. ತಿರ್ಗಿ ಕಟ್ಸುವತಿಗೆ ಚೂರ್ ಈಚಿಗ್ ಬಂತ್."

"ಪಾಗಾರಕ್ಕೆ ಕಾಲಿತ್ತಾ, ತಾನೇ ನಡ್ಕಂಡ್ ಬಪ್ಕೆ?"

ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು. ಗದ್ದೆ ಕೊಟ್ಟವರೆಂದು ಕೆಮ್ಮಿ ನುಂಗಿಕೊಂಡೆ.

ಆಕೆ ಬುಟ್ಟಿ ಇಳಿಸಿ ಜೊತೆಯವಳೊಬ್ಬಳನ್ನು ಕಡಲ ಬದಿಗೆ ಓಡಿಸಿದಳು. ದೋಣಿಗೆ ಬಳಿಯುವ ಮೀನೆಣ್ಣೆ ಒಂದು ತಂಬಿಗೆ ಬಂತು. ಅದನ್ನು ತನ್ನ ಕೈಯಿಂದಲೇ ಅಚ್ಚಿನ ಸಂದಿಗೆ ಹೊಯ್ದು, "ಈಗ ಕುಟ್ಟಿ" ಎಂದು ನನಗೆ ಹೇಳಿದಳು. ಕಲ್ಲು ತೆಗೆದುಕೊಂಡು ಕುಟ್ಟಿದೆ. ಜಮೀನ್ದಾರರು ಪಂಚೆ ಎತ್ತಿ ಕಟ್ಟಿ ಆ ಬದಿಯಿಂದ ತಳ್ಳಿದರು. ಐದಾರು ಪೆಟ್ಟಿಗೆ ಚಕ್ರ ಸರಕ್ಕನೆ ಜಾರಿತು. ನಾನು ಮರಳಿನ ಮೇಲೆ ಕುಂಡೆಯೂರಿ ಕೂತೆ. ಎಣ್ಣೆ ಸಿಡಿದು ಜಮೀನ್ದಾರರ ಬಿಳಿ ಪಂಚೆಯ ಮೇಲೆಲ್ಲ ಬಿತ್ತು. ಹೆಂಗಸರು ಬುಟ್ಟಿ ಹೊತ್ತು, ಸಂದಿಯಲ್ಲಿ ನುಸುಳಿ, ನಗುತ್ತಲೇ ಪೇಟೆಗೆ ಹೋದರು.

ಆ ಮಿಷನ್ನನ್ನು ಕಚೇರಿಗೆ ತಂದಾಗ ಹಿಂದೆ ಮೂರು ಬೆಕ್ಕುಗಳಿದ್ದವು. ಅವು ವಾರವಿಡೀ ಶೆಡ್ಡು ಬಿಟ್ಟು ಕದಲಲಿಲ್ಲ. ಮೇಲಧಿಕಾರಿಗಳು ಮೂಗಿಗೆ ಕರ್ಚೀಫು ಒತ್ತಿ ವಾಸನೆ ಏನೆಂದು ಕೇಳಿದರು. "ಸ್ಥಳೀಯ ಎಣ್ಣೆ ಬಳಸಲಾಗಿದೆ" ಎಂದು ವರದಿಯಲ್ಲಿ ಬರೆದೆ.

ಪಾಗಾರವನ್ನು ಜಮೀನ್ದಾರರು ಆ ತಿಂಗಳಲ್ಲೇ ಹಿಂದಕ್ಕೆ ಕಟ್ಟಿಸಿದರು. "ಸರ್ಕಾರದ ಮಿಷನ್ ಬಪ್ಕೆ ದಾರಿ ಬಿಟ್ಟೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಓಣಿ ಅಗಲವಾಗಿತ್ತಲ್ಲ, ಊರಿಗೆ ಅಷ್ಟು ಸಾಕಿತ್ತು.

ನೆಲಗಡಲೆ ಮೊಳೆತ ಮೇಲೆ ಒಂದು ದಿನ ಆ ಹಿರಿಯ ಹೆಂಗಸು ಪೇಟೆಯಿಂದ ಖಾಲಿ ಬುಟ್ಟಿ ಹಿಡಿದು ಬರುವಾಗ ಗದ್ದೆಯ ಬದಿಯಲ್ಲಿ ನಿಂತಳು. ನಾನು ಹೆಮ್ಮೆಯಿಂದ ಸಾಲು ತೋರಿಸಿದೆ.

"ಚಂದ ಇತ್ತ್" ಎಂದಳು. "ಆದ್ರೆ ಗ್ರಾಮಸೇವಕ್ರೆ, ನೆಲಗಡ್ಲಿಗೆ ಸಾಲ್ ಎಂತಕೆ? ಅದೇನ್ ಶಾಲಿಗೆ ಹೋಪ್ದಾ?"

ಅದಕ್ಕೆ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ತೆಗೆಯಲು ಚೀಲಕ್ಕೆ ಕೈ ಹಾಕಿದವನು ನಗು ತಡೆಯಲಾರದೆ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟೆ.