ಹೆಚ್ಚಿಗೆ ಬಂದ ತಿಂಗಳು

ಮದುವೆಗೆ ಮೊದಲಿಂದಲೂ ನನ್ನ ಮೊಣಕೈ, ಬೆನ್ನಿನ ಮೇಲೆ ಸೋರಿಯಾಸಿಸ್ ಇತ್ತು. ಮದುವೆಯಾಗಿ ಬಂದ ಕಿದ್ವಾಯಿ ನಗರದಿಂದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟು ಕೂರುತ್ತಿದ್ದೆ. ಇಳಿಯುವ ಮುನ್ನ ಸೀಟಿನ ಮೇಲೆ ಉದುರಿದ ಬಿಳಿ ಹೊಟ್ಟನ್ನು ಸೆರಗಿನಿಂದ ಒರೆಸುತ್ತಿದ್ದೆ. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟಿದ್ದರು. ಮರೆಯದಿರಲೆಂದು ಗುರುವಾರ ರಾಯರಿಗೆ ದೀಪ ಹಚ್ಚಿದ ಮೇಲೆ ನುಂಗುತ್ತಿದ್ದೆ.

ಮಗು ಬೇಕೆಂದರೆ ಮಾತ್ರೆ ನಿಲ್ಲಿಸಿ ಮೂರು ತಿಂಗಳಾದರೂ ಕಾಯಬೇಕು ಎಂದಿದ್ದರು ಡಾಕ್ಟರಮ್ಮ. 2007ರ ಅಕ್ಷಯ ತದಿಗೆಯ ಹಿಂದಿನ ದಿನ ಕೊನೆಯ ಮಾತ್ರೆ ನುಂಗಿದೆ. ಆಮೇಲೆ ದಿನ ಎಣಿಸಲಿಲ್ಲ, ಕಾಲ ಕಳೆದಿದೆ ಎಂದು ನಂಬಿಕೊಂಡೆ.

ಶ್ರಾವಣದಲ್ಲಿ ಬಸಿರೆಂದು ತಿಳಿಯಿತು. “ಕೊನೆಯ ಮಾತ್ರೆ ಯಾವಾಗ? ಪಕ್ಕಾ ತಾರೀಖು ತನ್ನಿ. ಮೂರು ತಿಂಗಳಿಗೆ ಮೊದಲೇ ಗರ್ಭ ನಿಂತಿದ್ದರೆ ಮಗುವಿನ ಅಂಗಕ್ಕೆ ಅಪಾಯ, ಇಟ್ಟುಕೊಳ್ಳುವುದೋ ಬೇಡವೋ ಯೋಚಿಸಬೇಕಾಗುತ್ತೆ” ಎಂದರು ಡಾಕ್ಟರಮ್ಮ.

ಮನೆಗೆ ಬಂದು ಬೆರಳು ಮಡಿಸಿದೆ. ವೈಶಾಖ, ಜ್ಯೇಷ್ಠ, ಆಷಾಢದ ನಡುವಿಗೆ ಬಸಿರು ನಿಂತಿರಬೇಕು. ಹೇಗೆ ಎಣಿಸಿದರೂ ಎರಡೂವರೆ ತಿಂಗಳು. ಅಂದು ರಾಯರ ಆರಾಧನೆ. ಮಠದಲ್ಲಿ ಕಂಬಕ್ಕೊರಗಿ, “ಗುರುಗಳೇ, ಒಂದೇ ಒಂದು ತಿಂಗಳು ಕೊಡಿ” ಎಂದು ಬೇಡಿದೆ. ಕಳೆದುಹೋದ ಕಾಲವನ್ನು ಯಾರು ಕೊಡುತ್ತಾರೆ ಎಂದು ಆಗಲೇ ಅನಿಸಿತ್ತು.

ಸಂಜೆ ಮೈಸೂರಿನಿಂದ ಅಮ್ಮನ ಫೋನು. ಅಳುತ್ತಲೇ ಲೆಕ್ಕ ಒಪ್ಪಿಸಿದೆ.

“ಜ್ಯೇಷ್ಠ ಒಂದೇ ಎಣಿಸಿದ್ಯೇನೇ?”

“ಇನ್ನೆಷ್ಟಮ್ಮ?”

“ಅಳಿಯಂದ್ರಿಗೆ ಮೂವತ್ಮೂರು ಕಜ್ಜಾಯ ಕಳ್ಸಿದ್ನಲ್ಲ, ಸುಮ್ನೆ ಕಳ್ಸಿದ್ನಾ? ಅಧಿಕಮಾಸ ಕಣೇ. ಈ ವರ್ಷ ಜ್ಯೇಷ್ಠ ಎರಡು ಬಂತು. ಕಾನ್ವೆಂಟಿಗೆ ಹಾಕಿದ್ದು ನಮ್ಮದೇ ತಪ್ಪು.”

ಆ ಕಜ್ಜಾಯಗಳಲ್ಲಿ ಅರ್ಧ ನಾನೇ ತಿಂದಿದ್ದೆ. ಯಜಮಾನರು ಆಫೀಸಿನ ಕ್ಯಾಲೆಂಡರ್ ತಂದು ನೋಡಿದರು: ಕೊನೆಯ ಮಾತ್ರೆಯ ದಿನ ಏಪ್ರಿಲ್ ಹತ್ತೊಂಬತ್ತು. ವಾರದ ನಂತರ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, “ಮೂರು ತಿಂಗಳು ತುಂಬಿದ ಮೇಲೇ ನಿಂತಿದೆ, ಚಿಂತೆ ಬೇಡ” ಎಂದು ನನ್ನ ಮೊಣಕೈ ಮುಟ್ಟಿದರು. ಅದನ್ನು ಹಾಗೆ ಮುಟ್ಟಿದವರು ಕಡಿಮೆ.

ಐದನೇ ತಿಂಗಳಿಗೆ ಕಲೆಗಳು ತಾವಾಗಿ ತಿಳಿಯಾದವು. ಬಸುರಿಯರಲ್ಲಿ ಎಷ್ಟೋ ಜನರಿಗೆ ಹಾಗಾಗುತ್ತದಂತೆ. ಗಿಡ್ಡತೋಳಿನ ರವಿಕೆ ತೊಟ್ಟು ಹಸಿರು ಬಳೆ ಇಡಿಸಿಕೊಂಡೆ. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ನರ್ಸು ತೋರಿಸುವ ಮೊದಲೇ ಅವಳ ಬೆರಳೆಣಿಸಿದೆ, ಇಪ್ಪತ್ತೂ ಇದ್ದವು.

ಬಾಣಂತನದಲ್ಲಿ ಮೊಣಕೈ ಕಲೆ ಮರಳಿ ಬಂತು, ಇಂದಿಗೂ ಇದೆ. ಅದನ್ನು ತೆಗೆಯಿರೆಂದು ನಾನು ರಾಯರನ್ನು ಕೇಳಿಲ್ಲ. ಬೇಡಿದ್ದು ಒಂದು ತಿಂಗಳು. ನಾನು ಬೇಡುವ ಮೊದಲೇ ಅವರು ಅದನ್ನು ಕೊಟ್ಟಾಗಿತ್ತು.